ಗಂಧವೂ ಸ್ಮೃತಿಯೂ

ಕನ್ನಡದಲ್ಲಿ ‘ವಾಸನೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಮೂಗಿಗೆ ತಿಳಿಯುವ ಗಂಧ ಒಂದು. ಹಿಂದಿನ ಅನುಭವವು ಮನಸ್ಸಿನಲ್ಲಿ ಉಳಿಸಿಹೋಗುವ ಸಂಸ್ಕಾರ ಇನ್ನೊಂದು. ಒಗ್ಗರಣೆಯ ವಾಸನೆ ಬಂತೆನ್ನುವ ಗೃಹಿಣಿಯೂ ಪೂರ್ವಜನ್ಮದ ವಾಸನೆಯೆನ್ನುವ ಪ್ರವಚನಕಾರರೂ ಒಂದೇ ಶಬ್ದವನ್ನು ಬಳಸುತ್ತಾರೆ. ಕೇಳುವವರಿಗೆ ಯಾವ ಗೊಂದಲವೂ ಆಗುವುದಿಲ್ಲ. ಈ ಎರಡು ಅರ್ಥಗಳು ಮೇಲುನೋಟಕ್ಕೆ ತೋರುವಷ್ಟು ದೂರದವಲ್ಲ. ಸಂಸ್ಕೃತದಲ್ಲಿ ‘ವಾಸನ’ ಎಂದರೆ ಪರಿಮಳಗೊಳಿಸುವಿಕೆ ಎಂಬ ಅರ್ಥವೂ ಇದೆ. ಸಂಸ್ಕಾರವೆಂದರೇನು ಎಂಬುದನ್ನು ತಿಳಿಸಲು ಹಿಂದಿನವರು ಎಳ್ಳಿನ ದೃಷ್ಟಾಂತವನ್ನು ಕೊಡುತ್ತಿದ್ದರು. ಎಳ್ಳನ್ನು ಹೂವಿನೊಡನೆ ಕೆಲವು ದಿನ ಬೆರೆಸಿಟ್ಟು, ಬಾಡಿದ ಹೂವನ್ನು ತೆಗೆದುಹಾಕಿ, ಬಳಿಕ ಆ ಎಳ್ಳನ್ನು ಗಾಣಕ್ಕೆ ಹಾಕಿದರೆ, ಬರುವ ಎಣ್ಣೆಯಲ್ಲಿ ಹೂವಿನ ಪರಿಮಳವಿರುತ್ತದೆ. ಹೂವು ಹೋಯಿತು, ವಾಸನೆ ನಿಂತಿತು. ಅನುಭವವು ಕಳೆದುಹೋದ ಮೇಲೂ ಚಿತ್ತದಲ್ಲಿ ಉಳಿಯುವುದು ಇದೇ ಬಗೆಯಲ್ಲಿ ಎಂಬುದು ಅವರ ಅಭಿಪ್ರಾಯ.

ಯಾವುದೋ ಒಂದು ವಾಸನೆ ಮೂಗಿಗೆ ಸೋಕಿದೊಡನೆ ನಲವತ್ತು ಐವತ್ತು ವರ್ಷಗಳ ಹಿಂದಿನ ಒಂದು ಮನೆ, ಒಂದು ಮುಖ, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಕಣ್ಣಮುಂದೆ ಬಂದು ನಿಲ್ಲುವುದನ್ನು ಅನುಭವಿಸದವರು ವಿರಳ. ಇದು ಹೇಗೆ ಆಗುತ್ತದೆ, ಬೇರೆ ಇಂದ್ರಿಯಗಳಿಗೆ ಇಲ್ಲದ ಈ ಬಲ ಘ್ರಾಣೇಂದ್ರಿಯಕ್ಕೆ ಎಲ್ಲಿಂದ ಬಂತು, ಮಕ್ಕಳನ್ನು ಸಾಕಿ ಓದಿಸುವ ನಮ್ಮಂಥ ವಿದ್ಯಾಸಂಸ್ಥೆಗಳಿಗೆ ಇದರಿಂದ ಒದಗುವ ಹೊಣೆ ಯಾವುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ತರ್ಕಶಾಸ್ತ್ರವನ್ನು ಓದಲಾರಂಭಿಸಿದ ವಿದ್ಯಾರ್ಥಿ ಮೊದಲ ಪಾಠಗಳಲ್ಲಿಯೇ ಗಂಧವನ್ನು ಸಂಧಿಸುತ್ತಾನೆ. ದ್ರವ್ಯಗಳಲ್ಲಿ ಪೃಥ್ವಿಗೆ ಮಾತ್ರ ಗಂಧವೆಂಬ ಗುಣವುಂಟು, ಅದೇ ಪೃಥ್ವಿಯ ಲಕ್ಷಣ ಎಂದು ತಾರ್ಕಿಕರ ಮತ. ಗಂಧವು ಸುರಭಿ, ಅಸುರಭಿ ಎಂದು ಎರಡು ಬಗೆ. ಷಟ್‌ಸ್ಥಲ ಶಾಸ್ತ್ರದಲ್ಲಿಯೂ ಇಂದ್ರಿಯಗಳ ಕ್ರಮವು ಘ್ರಾಣದಿಂದಲೇ ಮೊದಲಾಗುತ್ತದೆ. ಭಕ್ತಸ್ಥಲದ ಆಚಾರಲಿಂಗಕ್ಕೆ ನಾಸಿಕವೇ ಮುಖ, ಗಂಧವೇ ಅರ್ಪಿತ ಪದಾರ್ಥ. ಕಣ್ಣು ಕಿವಿಗಳ ಮುಂದೆ ಮೂಗನ್ನು ಕೀಳೆಂದು ಎಣಿಸುವ ಇಂದಿನ ಅಭ್ಯಾಸ ನಮ್ಮ ಹಿರಿಯರಿಗೆ ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಸ್ಮೃತಿಯ ವಿಷಯದಲ್ಲಿ ಅದೇ ತಾರ್ಕಿಕರು ಹೇಳಿರುವುದು ಇನ್ನೂ ಸೂಕ್ಷ್ಮವಾಗಿದೆ. ಸಂಸ್ಕಾರ ಮಾತ್ರದಿಂದ ಹುಟ್ಟುವ ಜ್ಞಾನವೇ ಸ್ಮೃತಿ. ಅನುಭವದಿಂದ ಹುಟ್ಟಿ ಆತ್ಮದಲ್ಲಿ ನೆಲಸುವ ಈ ಸಂಸ್ಕಾರಕ್ಕೆ ಭಾವನೆಯೆಂದು ಹೆಸರು. ಆದರೆ ಸಂಸ್ಕಾರವಿದ್ದ ಮಾತ್ರಕ್ಕೆ ನೆನಪು ಬರುವುದಿಲ್ಲ. ಅದು ಬೂದಿ ಮುಚ್ಚಿದ ಕೆಂಡದಂತೆ ಮಲಗಿರುತ್ತದೆ. ಅದನ್ನು ಎಬ್ಬಿಸುವ ಒಂದು ನಿಮಿತ್ತ ಬೇಕು. ಅದನ್ನು ಶಾಸ್ತ್ರಕಾರರು ಉದ್ಬೋಧಕವೆಂದು ಕರೆದರು. ಆನೆಯನ್ನು ಕಂಡವನಿಗೆ ಮಾವುತನು ನೆನಪಾಗುವುದು ಇದಕ್ಕೆ ಪ್ರಸಿದ್ಧ ಉದಾಹರಣೆ. ಗೌತಮರ ನ್ಯಾಯಸೂತ್ರಗಳಲ್ಲಿ ಸ್ಮರಣೆಗೆ ನಿಮಿತ್ತವಾಗುವ ಇಪ್ಪತ್ತಕ್ಕೂ ಹೆಚ್ಚು ಸಂಗತಿಗಳನ್ನು ಎಣಿಸಿದ್ದಾರೆ: ಅಭ್ಯಾಸ, ಚಿಹ್ನೆ, ಸಾದೃಶ್ಯ, ವಿಯೋಗ, ಸುಖ, ದುಃಖ, ದ್ವೇಷ, ಭಯ ಮೊದಲಾದವು. ಗಂಧವನ್ನು ಅಲ್ಲಿ ಬೇರೆಯಾಗಿ ಹೆಸರಿಸಿಲ್ಲ. ಆದರೆ ಸುಖ, ದುಃಖ, ಭಯಗಳು ಆ ಪಟ್ಟಿಯಲ್ಲಿವೆ ಎಂಬುದನ್ನು ವಾಚಕರು ಗಮನದಲ್ಲಿಡಬೇಕು. ಮುಂದೆ ಅದು ನಮಗೆ ಪ್ರಯೋಜನಕ್ಕೆ ಬರುತ್ತದೆ.

ಕವಿಗಳೂ ಈ ವಿಷಯವನ್ನು ಬಲ್ಲವರೇ. ರಮ್ಯವಾದುದನ್ನು ಕಂಡಾಗ, ಮಧುರವಾದುದನ್ನು ಕೇಳಿದಾಗ, ಸುಖವಾಗಿರುವವನ ಮನಸ್ಸೂ ಏಕೆ ಕಳವಳಗೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಕಾಳಿದಾಸನು ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನ ಬಾಯಿಂದ ಎತ್ತಿಸುತ್ತಾನೆ. ಮರೆತುಹೋದ ಜನ್ಮಾಂತರ ಸ್ನೇಹಗಳು ಅಲ್ಲಿ ಎಚ್ಚರಗೊಳ್ಳುತ್ತವೆಂದು ಸಮಾಧಾನ ಹೇಳಿಸುತ್ತಾನೆ. ಕ್ರಿ. ಶ. 941ರ ವಿಕ್ರಮಾರ್ಜುನ ವಿಜಯದಲ್ಲಿ ಪಂಪನು ಬನವಾಸಿ ನಾಡನ್ನು ನೆನೆಯುವ ಪದ್ಯ ಕನ್ನಡಿಗರಿಗೆಲ್ಲ ಕಂಠಸ್ಥ. ಅಲ್ಲಿ ತೆಂಕಣ ಗಾಳಿಯ ಸ್ಪರ್ಶವೂ ಅರಳಿದ ಮಲ್ಲಿಗೆಯ ನೋಟವೂ ನೆನಪನ್ನು ಎಬ್ಬಿಸುತ್ತವೆ. ಕವಿ ಮಲ್ಲಿಗೆಯನ್ನು ಕಂಡರೆ ಎಂದಿದ್ದಾನೆಯೇ ಹೊರತು ಮೂಸಿದರೆ ಎಂದಿಲ್ಲ. ಆದರೂ ಅರಳಿದ ಮಲ್ಲಿಗೆ ಕಣ್ಣಿಗೆ ಮಾತ್ರ ಕಂಡು ಮೂಗಿಗೆ ತಿಳಿಯದೆ ಇರುವುದುಂಟೆ? ಸಹೃದಯನಾದವನು ಆ ಪರಿಮಳವನ್ನು ತಾನೇ ತುಂಬಿಕೊಳ್ಳುತ್ತಾನೆ.

ಹಾಗಾದರೆ ಉದ್ಬೋಧಕಗಳಲ್ಲಿ ಗಂಧಕ್ಕೆ ಮಾತ್ರ ಇಷ್ಟೊಂದು ಬಲವೇಕೆ? ಇದಕ್ಕೆ ಇಂದಿನ ಶರೀರಶಾಸ್ತ್ರ ಕೊಡುವ ಉತ್ತರ ಬೋಧಪ್ರದವಾಗಿದೆ. ಮೂಗಿನ ಒಳಗೂಡಿನ ಮೇಲ್ಭಾಗದಲ್ಲಿ ಅಂಚೆಚೀಟಿಯಷ್ಟು ಅಗಲದ ಒಂದು ತೆಳುಪೊರೆಯಿದೆ. ಅದರಲ್ಲಿರುವ ನರಕೋಶಗಳ ತುದಿಯಲ್ಲಿ ಗಂಧದ ಕಣಗಳನ್ನು ಹಿಡಿಯುವ ಗ್ರಾಹಕಗಳಿವೆ. ಅಮೆರಿಕದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ವಿಜ್ಞಾನಿಗಳು ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದರು. ಆ ಕಾರ್ಯಕ್ಕಾಗಿ 2004ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಮನುಷ್ಯನಲ್ಲಿ ಇಂತಹ ಗ್ರಾಹಕಗಳು ಸುಮಾರು 400 ಬಗೆ. ವರ್ಣಮಾಲೆಯ ಕೆಲವೇ ಅಕ್ಷರಗಳು ಕೂಡಿ ಅಸಂಖ್ಯ ಶಬ್ದಗಳಾಗುವಂತೆ, ಈ ಗ್ರಾಹಕಗಳು ಬೇರೆಬೇರೆ ರೀತಿಯಲ್ಲಿ ಕೂಡಿ ಅಸಂಖ್ಯ ವಾಸನೆಗಳನ್ನು ಗುರುತಿಸುತ್ತವೆ.

ಮುಖ್ಯವಾದ ಮಾತು ಇನ್ನು ಮುಂದಿದೆ. ಕಣ್ಣು, ಕಿವಿ, ನಾಲಿಗೆ, ಚರ್ಮಗಳು ತಂದ ಸುದ್ದಿಯೆಲ್ಲವೂ ಮಿದುಳಿನ ನಡುವಿನಲ್ಲಿರುವ ಥಲಾಮಸ್ ಎಂಬ ಠಾಣೆಗೆ ಮೊದಲು ಬಂದು, ಅಲ್ಲಿಂದ ಹಂಚಿಕೆಯಾಗಿ ಮುಂದಕ್ಕೆ ಸಾಗುತ್ತದೆ. ಗಂಧದ ಸುದ್ದಿಗೆ ಈ ಕಟ್ಟಳೆಯಿಲ್ಲ. ಅದು ಮೂಗಿನ ಮೇಲ್ಗಡೆಯೇ ಇರುವ ಘ್ರಾಣಕಂದವನ್ನು ಮುಟ್ಟಿ, ಅಲ್ಲಿಂದ ನೇರವಾಗಿ ಭಯ, ಪ್ರೀತಿ, ಜುಗುಪ್ಸೆಗಳ ನೆಲೆಗಳಲ್ಲಿ ಪ್ರಮುಖವಾದ ಅಮಿಗ್ಡಲಾ ಎಂಬ ಭಾಗಕ್ಕೂ, ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದ ಹೆಬ್ಬಾಗಿಲಿಗೂ ತಲಪುತ್ತದೆ. ಬಂದ ಅತಿಥಿಗಳೆಲ್ಲ ಪಡಸಾಲೆಯಲ್ಲಿ ಕುಳಿತು ಕರೆಗಾಗಿ ಕಾಯುತ್ತಿರುವಾಗ, ತವರಿಗೆ ಬಂದ ಮಗಳು ಯಾರನ್ನೂ ಕೇಳದೆ ಅಡುಗೆಮನೆಗೆ ನಡೆದುಹೋಗುವಂತೆ ಇದು. ಆದಕಾರಣವೇ ವಾಸನೆಯ ಹೆಸರು ನಾಲಿಗೆಗೆ ಬರುವ ಮೊದಲೇ ಗಂಟಲು ತುಂಬಿಬರುತ್ತದೆ; ಇದು ಏನು ಎಂದು ತಿಳಿಯುವ ಮೊದಲೇ ಆ ಕಾಲದ ಸುಖವೋ ದುಃಖವೋ ಮನಸ್ಸನ್ನು ಆವರಿಸಿರುತ್ತದೆ. ನ್ಯಾಯಸೂತ್ರಕಾರರು ಸ್ಮರಣೆಯ ನಿಮಿತ್ತಗಳಲ್ಲಿ ಸುಖ ದುಃಖ ಭಯಗಳನ್ನು ಎಣಿಸಿದುದು ಎಷ್ಟು ಉಚಿತವೆಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಫ್ರಾನ್ಸ್ ದೇಶದ ಮಾರ್ಸೆಲ್ ಪ್ರೂಸ್ಟ್ ಎಂಬ ಕಾದಂಬರಿಕಾರನು 1913ರಲ್ಲಿ ಪ್ರಕಟಿಸಿದ ತನ್ನ ಮಹಾಕೃತಿಯ ಮೊದಲ ಸಂಪುಟದಲ್ಲಿ ಈ ಅನುಭವವನ್ನು ವಿಸ್ತಾರವಾಗಿ ಚಿತ್ರಿಸಿದ್ದಾನೆ. ಚಹಾದಲ್ಲಿ ನೆನೆದ ಸಣ್ಣ ಕೇಕಿನ ಚೂರು ಬಾಯಿಗೆ ಬಿದ್ದೊಡನೆ ನಿರೂಪಕನಿಗೆ ಬಾಲ್ಯದ ಊರು ಬೀದಿ ಮನೆಗಳ ಸಮೇತ ಎದ್ದು ಬರುತ್ತದೆ. ರುಚಿಯೆಂದು ನಾವು ತಿಳಿಯುವುದರ ಬಹುಭಾಗ ಬಾಯಿಯ ಹಿಂಬದಿಯಿಂದ ಮೂಗಿಗೇರುವ ಗಂಧವೇ ಆದುದರಿಂದ, ಇದನ್ನೂ ಗಂಧಸ್ಮೃತಿಯೆಂದೇ ಎಣಿಸಬಹುದು. ಮನಶ್ಶಾಸ್ತ್ರಜ್ಞರು ಈ ಅನುಭವಕ್ಕೆ ಆ ಲೇಖಕನ ಹೆಸರನ್ನೇ ಇಟ್ಟಿದ್ದಾರೆ.

ಕಾದಂಬರಿಯ ಮಾತನ್ನು ಪ್ರಯೋಗದಿಂದ ಪರೀಕ್ಷಿಸಿದವರೂ ಇದ್ದಾರೆ. ಇಂಗ್ಲೆಂಡಿನ ಸೈಮನ್ ಚು ಮತ್ತು ಜಾನ್ ಡೌನ್ಸ್ 2000ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ವಯಸ್ಸಾದವರಿಗೆ ಒಂದು ಶಬ್ದವನ್ನು ಹೇಳಿ ನೆನಪು ಕೇಳಿದಾಗ ಹೆಚ್ಚಾಗಿ ಬಂದವು 11ರಿಂದ 25ರ ವಯಸ್ಸಿನ ಸಂಗತಿಗಳು. ವಾಸನೆಯನ್ನು ಕೊಟ್ಟು ಕೇಳಿದಾಗ ಹೆಚ್ಚಾಗಿ ಬಂದವು 6ರಿಂದ 10ರ ವಯಸ್ಸಿನವು. ಸ್ವೀಡನ್ನಿನ ಯೊಹಾನ್ ವಿಲಾಂಡರ್ ಮತ್ತು ಮರಿಯಾ ಲಾರ್ಸನ್ 2006ರಲ್ಲಿ ತಿಳಿಸಿದ ಫಲಿತಾಂಶವೂ ಇದನ್ನೇ ಸಮರ್ಥಿಸಿತು: ಗಂಧವು ಎಬ್ಬಿಸುವ ನೆನಪುಗಳು ಬಹುಮಟ್ಟಿಗೆ ಬದುಕಿನ ಮೊದಲ ಹತ್ತು ವರ್ಷಗಳಿಗೆ ಸೇರಿದವು. ಇಸ್ರೇಲಿನ ವೈಝ್‌ಮನ್ ಸಂಸ್ಥೆಯ ವಿಜ್ಞಾನಿಗಳು 2009ರಲ್ಲಿ ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ಒಂದು ವಸ್ತುವಿನೊಡನೆ ಮೊದಲ ಬಾರಿ ಬೆಸೆದುಕೊಂಡ ವಾಸನೆಗೆ ಮಿದುಳಿನಲ್ಲಿ ವಿಶೇಷವಾದ ಗುರುತು ಮೂಡುತ್ತದೆ. ಅನಂತರದ ಬೆಸುಗೆಗೆ ಆ ಗೌರವವಿಲ್ಲ. ಒಟ್ಟಿನಲ್ಲಿ, ಗಂಧದ ಲೋಕದಲ್ಲಿ ಮೊದಲು ಬಂದವರದೇ ಮನೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಗಂಧದಿಂದ ಬಂದ ನೆನಪು ನಿಚ್ಚಳವಾಗಿದೆ ಎಂದಮಾತ್ರಕ್ಕೆ ಅದು ನಿಜವೆಂದು ನಿರ್ಣಯಿಸಬಾರದು. ಈ ವಿಷಯದಲ್ಲಿ ಬಹುಕಾಲ ದುಡಿದ ಅಮೆರಿಕದ ರೇಚಲ್ ಹರ್ಟ್ಸ್ ಎಂಬ ವಿದುಷಿಯ ಪ್ರಯೋಗಗಳಂತೆ, ವಾಸನೆಯಿಂದ ಬಂದ ನೆನಪುಗಳು ಹೆಚ್ಚು ಭಾವಪೂರ್ಣವಾಗಿರುತ್ತವೆಯೇ ಹೊರತು ಹೆಚ್ಚು ನಿಖರವಾಗಿರುವುದಿಲ್ಲ. ನಮ್ಮ ತಾರ್ಕಿಕರು ಸ್ಮೃತಿಯನ್ನು ಯಥಾರ್ಥ, ಅಯಥಾರ್ಥ ಎಂದು ಎರಡಾಗಿ ವಿಂಗಡಿಸಿದ್ದು ಇದೇ ವಿವೇಕದಿಂದ. ಗಂಧವು ಹಳೆಯ ದಿನದ ಭಾವವನ್ನು ಮರಳಿ ಕೊಡುತ್ತದೆ. ಆ ದಿನದ ತಿಥಿ ವಾರಗಳಿಗೆ ಸಾಕ್ಷಿ ನಿಲ್ಲುವುದು ಅದರ ಕೆಲಸವಲ್ಲ.

ಈ ಎಲ್ಲ ಮಾತುಗಳಿಗೂ ನಿದರ್ಶನವಾಗಿ ಎಲ್ಲರಿಗೂ ತಿಳಿದ ಒಂದು ಗಂಧವನ್ನು ತೆಗೆದುಕೊಳ್ಳೋಣ. ಬೇಸಗೆಯಲ್ಲಿ ಕಾದು ಬಿರಿದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ಕಂಪನ್ನು ಅರಿಯದವರಾರು? ಆಸ್ಟ್ರೇಲಿಯದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ ಇದಕ್ಕೆ ಪೆಟ್ರಿಕೋರ್ ಎಂಬ ಹೆಸರನ್ನು ಕೊಟ್ಟರು. ಅವರಿಗಿಂತ ಬಹಳ ಹಿಂದೆಯೇ ಉತ್ತರ ಪ್ರದೇಶದ ಕನೌಜಿನ ಸುಗಂಧಕಾರರು ಒಣಮಣ್ಣಿನಿಂದ ಈ ಕಂಪನ್ನು ಭಟ್ಟಿಯಿಳಿಸಿ, ಶ್ರೀಗಂಧದ ಎಣ್ಣೆಯಲ್ಲಿ ಹಿಡಿದಿಟ್ಟು, ಮಿಟ್ಟಿ ಅತ್ತರ್ ಎಂದು ಮಾರುತ್ತಿದ್ದರು. ಮಣ್ಣಿನ ಕಂಪಿನಲ್ಲಿ ಪ್ರಧಾನವಾದ ಒಂದು ವಸ್ತು ಜಿಯೋಸ್ಮಿನ್. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಉತ್ಪಾದಿಸುತ್ತವೆ. ಲಕ್ಷಕೋಟಿ ಭಾಗ ನೀರಿನಲ್ಲಿ ಅದರ ಕೆಲವೇ ಭಾಗಗಳಿದ್ದರೂ ಮನುಷ್ಯನ ಮೂಗು ಅದನ್ನು ಗುರುತಿಸಬಲ್ಲದು. ಮಳೆಹನಿ ನೆಲಕ್ಕೆ ಅಪ್ಪಳಿಸಿದಾಗ ಮಣ್ಣಿನ ರಂಧ್ರಗಳಲ್ಲಿದ್ದ ಗಾಳಿಯು ಗುಳ್ಳೆಗಳಾಗಿ ಮೇಲೆದ್ದು ಒಡೆದು, ಸೂಕ್ಷ್ಮ ತುಂತುರಾಗಿ ಚಿಮ್ಮುವುದನ್ನು ಅಮೆರಿಕದ ಮೆಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯವರು 2015ರಲ್ಲಿ ಅತಿವೇಗದ ಕ್ಯಾಮೆರಾದಿಂದ ತೋರಿಸಿಕೊಟ್ಟರು. ಗಂಧವು ಪೃಥ್ವಿಯ ಗುಣವೆಂದ ತಾರ್ಕಿಕರಿಗೆ ಈ ದೃಶ್ಯ ಪ್ರಿಯವಾಗುತ್ತಿತ್ತೇನೋ!

ಈ ಕಂಪು ಹಳ್ಳಿಯಲ್ಲಿ ಬೆಳೆದ ನಮ್ಮಲ್ಲಿ ಅನೇಕರಿಗೆ ಶಾಲೆಯನ್ನೇ ನೆನಪಿಗೆ ತರುತ್ತದೆ. ಕಾರಣ ಸ್ಪಷ್ಟ. ರೋಹಿಣಿ ಮುಗಿದು ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೇ ನಮ್ಮಲ್ಲಿ ಶಾಲೆಗಳ ಬಾಗಿಲು ತೆರೆಯುತ್ತವೆ. ನೆನೆದ ಮಣ್ಣು, ಹೊಸ ಪುಸ್ತಕದ ಕಾಗದ, ಪಾಟಿಯ ಮೇಲೆ ಒರೆಸಿದ ನೀರು, ಸೀಮೆಸುಣ್ಣದ ಪುಡಿ, ಒದ್ದೆಯಾದ ಅಂಗಿ ಇವೆಲ್ಲ ಒಂದೇ ವಾರದಲ್ಲಿ ಆರೇಳು ವರ್ಷದ ಮಗುವಿನ ಮೂಗಿಗೆ ಮೊದಲ ಬಾರಿಗೆ ಒಟ್ಟಾಗಿ ಬರುತ್ತವೆ. ಅದರೊಡನೆ ಆ ವಾರ ಮಗು ಪಟ್ಟ ಅಂಜಿಕೆ, ಕಂಡ ಅಕ್ಕರೆ, ಸಿಕ್ಕ ಗೆಳೆಯ ಎಲ್ಲವೂ ಬೆಸೆದುಹೋಗುತ್ತವೆ. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂಬ ಗಾದೆಯಂತೆ, ಗಂಧವನ್ನು ಹಿಡಿದುಕೊಂಡು ಆ ದಿನದ ಇಡೀ ಬದುಕು ಮನಸ್ಸಿನೊಳಗೆ ಪ್ರವೇಶಿಸುತ್ತದೆ.

ವಿಚಿತ್ರವೆಂದರೆ, ಒಂದು ಸ್ಥಳದ ವಾಸನೆ ಅಲ್ಲಿಯೇ ಇರುವವರಿಗೆ ತಿಳಿಯುವುದಿಲ್ಲ. ಸತತವಾಗಿ ಬರುವ ಗಂಧವನ್ನು ಮೂಗು ಬೇಗನೆ ಗಣನೆಯಿಂದ ಬಿಡುತ್ತದೆ. ದಿನವೂ ಮೂಸಿದ ವಾಸನೆಯ ಮೇಲೆ ಹೊಸ ಅನುಭವಗಳ ಪದರಗಳು ಬೆಳೆದು ಹಳೆಯ ನೆನಪು ಹೂತುಹೋಗುತ್ತದೆ. ಬಹುಕಾಲ ಸೋಕದೆ ಉಳಿದ ವಾಸನೆಗೇ ಬಲ ಹೆಚ್ಚು. ಪ್ರಸಾದ ನಿಲಯದ ಅಡುಗೆಯವರಿಗೆ ಹೆಂಚಿನ ಮೇಲಿನ ರೊಟ್ಟಿಯ ಕಂಪು ಗಮನಕ್ಕೇ ಬರುವುದಿಲ್ಲ. ಮೂವತ್ತು ವರ್ಷಗಳ ಮೇಲೆ ಬಂದ ಹಳೆಯ ವಿದ್ಯಾರ್ಥಿ ಬಾಗಿಲಲ್ಲಿಯೇ ಒಂದು ಕ್ಷಣ ನಿಂತುಬಿಡುತ್ತಾನೆ. ಇಂತಹ ಕ್ಷಣಗಳನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಆತ ಮಾತಾಡುವುದಿಲ್ಲ, ಮಾತಾಡಿಸುವುದೂ ಆಗ ಸಲ್ಲದು. ನನಗೂ ಓಲೆಗರಿಗೆ ಸವರುವ ನಿಂಬೆಹುಲ್ಲಿನ ಎಣ್ಣೆಯ ವಾಸನೆ ಬಂದರೆ ಸಾಕು, ವ್ಯಾಕರಣ ಹೇಳಿಕೊಟ್ಟ ಗುರುಗಳ ಕೆಮ್ಮು ಸಹ ಕಿವಿಗೆ ಕೇಳಿಸುತ್ತದೆ. ಬೇಕೆಂದು ನೆನೆದರೆ ಅವರ ಮುಖವೂ ಅಷ್ಟು ಸ್ಫುಟವಾಗಿ ಬರುವುದಿಲ್ಲ.

ಎಲ್ಲ ನೆನಪುಗಳೂ ಹೀಗೆ ಹಿತವಾಗಿರುವುದಿಲ್ಲವೆಂಬುದನ್ನೂ ಹೇಳಬೇಕು. ನನಗೆ ಪರಿಚಿತರಾದ ಹಿರಿಯರೊಬ್ಬರು ಸೀಮೆಸುಣ್ಣದ ಪುಡಿಯ ವಾಸನೆಯನ್ನು ಇಂದಿಗೂ ಸಹಿಸಲಾರರು. ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಮೊಮ್ಮಕ್ಕಳನ್ನು ಶಾಲೆಗೆ ಬಿಡಲು ಹೋದರೆ ತರಗತಿಯ ಬಾಗಿಲಿನಿಂದ ಹಿಂದಕ್ಕೆ ಸರಿದುಬಿಡುತ್ತಾರೆ. ಏಳನೆಯ ವಯಸ್ಸಿನಲ್ಲಿ ಅವರು ಓದಿದ ಶಾಲೆಯಲ್ಲಿ ಲೆಕ್ಕ ತಪ್ಪಿದಾಗಲೆಲ್ಲ ಕರಿಹಲಗೆಗೆ ಮುಖವೊತ್ತಿ ನಿಲ್ಲಿಸಿ ಹೊಡೆಯುತ್ತಿದ್ದರಂತೆ. ಹೊಡೆದವರ ಹೆಸರು ಅವರಿಗೆ ಮರೆತಿದೆ, ಲೆಕ್ಕವೂ ಮರೆತಿದೆ. ಆ ಪುಡಿಯ ವಾಸನೆಯೂ ಅದರೊಳಗಿನ ಭಯವೂ ಮಾತ್ರ ಅರುವತ್ತು ವರ್ಷಗಳಿಂದ ಹಾಗೆಯೇ ಇವೆ.

ಶಿಕ್ಷಕರಾದ ನಾವು ಮನಸ್ಸಿಗೆ ತಂದುಕೊಳ್ಳಬೇಕಾದುದು ಇದನ್ನೇ. ನಾವು ಹೇಳಿದ ಪಾಠಗಳಲ್ಲಿ ಬಹುಪಾಲು ಮಕ್ಕಳಿಗೆ ಮರೆತುಹೋಗುತ್ತವೆ, ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಮೊದಲ ಹತ್ತು ವರ್ಷಗಳಲ್ಲಿ ಶಾಲೆಯ ಗಂಧದೊಡನೆ ಬೆಸೆದ ಭಾವ ಹಾಗೆ ಮರೆಯುವಂಥದಲ್ಲ. ಗ್ರಂಥಾಲಯದ ಹಳೆಯ ಕಾಗದದ ಕಂಪು ಒಬ್ಬನಿಗೆ ಜೀವನಪೂರ್ತಿ ಓದಿನ ಆಸೆಯನ್ನು ಹುಟ್ಟಿಸಬಹುದು, ಇನ್ನೊಬ್ಬನಿಗೆ ಶಿಕ್ಷೆಗಾಗಿ ಕೂಡಿಹಾಕಿದ ಕೋಣೆಯನ್ನು ನೆನಪಿಸಬಹುದು. ಕಾಗದ ಒಂದೇ, ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತಿದ್ದವರು ಹೇಗೆ ನಡೆದುಕೊಂಡರೆಂಬುದರಿಂದ ಭೇದವುಂಟಾಗುತ್ತದೆ. ಕರ್ನಾಟಕದಲ್ಲಿ 2002ರಲ್ಲಿ ಅಕ್ಷರ ದಾಸೋಹ ಆರಂಭವಾದ ಮೇಲೆ, ಬೇಯುವ ಅನ್ನ ಸಾರುಗಳ ಘಮವೇ ಲಕ್ಷಾಂತರ ಮಕ್ಕಳಿಗೆ ಶಾಲೆಯ ಗಂಧವಾಗಿದೆ. ಹಸಿದ ಮಗುವಿಗೆ ಆ ಘಮದೊಡನೆ ‘ಬಾ, ಕುಳಿತುಕೋ’ ಎಂಬ ಮಾತೂ ದೊರೆತರೆ, ಅದು ಐವತ್ತು ವರ್ಷ ಬಾಳುತ್ತದೆ. ಅನ್ನದಾನಕ್ಕೆ ಧನವನ್ನಿತ್ತ ದಾನಿಗಳು ತಾವು ಒಂದು ಹೊತ್ತಿನ ಊಟವನ್ನು ಮಾತ್ರ ಕೊಟ್ಟೆವೆಂದು ತಿಳಿಯಬಾರದು.

ಮಕ್ಕಳಿಗೆ ವಾಸನೆಗಳನ್ನು ಹೆಸರಿಡಲು ಕಲಿಸುವುದೂ ಒಳ್ಳೆಯ ಪಾಠವೇ. ಕಂಪು, ಘಮ, ಪರಿಮಳ, ಘಾಟು, ಕಮಟು, ಮುಗ್ಗಲು, ಸೀದದ್ದು, ಹಳಸಿದ್ದು ಎಂದು ಕನ್ನಡದಲ್ಲಿ ಬೇರೆಬೇರೆ ಮಾತುಗಳಿರುವಾಗ, ಒಳ್ಳೆಯ ವಾಸನೆ, ಕೆಟ್ಟ ವಾಸನೆ ಎಂಬ ಎರಡರಲ್ಲಿಯೇ ಮುಗಿಸಿಬಿಡುವುದು ಬಡತನ. ಕಣ್ಣು ಕಟ್ಟಿ ತುಳಸಿ, ಪತ್ರೆ, ಜೀರಿಗೆ, ಲವಂಗ, ವಿಭೂತಿಗಳನ್ನು ಮೂಸಿಸಿ ಗುರುತಿಸಲು ಹೇಳಿದರೆ ಮಕ್ಕಳು ಎಷ್ಟು ಉತ್ಸಾಹಗೊಳ್ಳುತ್ತಾರೆಂಬುದನ್ನು ಅಧ್ಯಾಪಕರು ಮಾಡಿಯೇ ನೋಡಬೇಕು.

ಈ ಇಂದ್ರಿಯದ ಬೆಲೆ ಜಗತ್ತಿಗೆ ತಿಳಿದುದು ಅದನ್ನು ಕಳೆದುಕೊಂಡಾಗ. 2020ರಲ್ಲಿ ಕೋವಿಡ್ ಮಹಾಮಾರಿ ಹಬ್ಬಿದಾಗ ಅಸಂಖ್ಯ ಜನರಿಗೆ ಘ್ರಾಣಶಕ್ತಿ ಹೊರಟುಹೋಯಿತು. ಉಂಡ ಅನ್ನ ಸಪ್ಪೆಯಾಯಿತು. ಸ್ವಂತ ಮನೆಯೇ ಪರಕೀಯವೆನಿಸಿತೆಂದು ಹಲವರು ಹೇಳಿಕೊಂಡರು. ಅನೇಕರಿಗೆ ಅದು ಕೆಲವು ವಾರಗಳಲ್ಲಿ ಮರಳಿತು, ಕೆಲವರಿಗೆ ಬಹುಕಾಲ ಹಿಡಿಯಿತು. ಜರ್ಮನಿಯ ತೊಮಾಸ್ ಹುಮ್ಮೆಲ್ ಎಂಬ ವೈದ್ಯರು 2009ರಲ್ಲಿಯೇ ಇದಕ್ಕೊಂದು ಸರಳ ಅಭ್ಯಾಸವನ್ನು ಸೂಚಿಸಿದ್ದರು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕರ ಗಂಧವನ್ನು ಬೆಳಿಗ್ಗೆ ಸಂಜೆ ಮನಸ್ಸಿಟ್ಟು ಮೂಸುವುದು, ಹನ್ನೆರಡು ವಾರಗಳ ಕಾಲ. ಇದರಿಂದ ಅನೇಕರಿಗೆ ಗುಣ ಕಂಡುಬಂದಿತು. ವೃದ್ಧಾಪ್ಯದಲ್ಲಿ ಘ್ರಾಣಶಕ್ತಿ ಸ್ವಲ್ಪ ಕುಂದುವುದು ಸಹಜ. ಆದರೆ ಪಾರ್ಕಿನ್‌ಸನ್, ಆಲ್ಝೈಮರ್ ರೋಗಗಳಲ್ಲಿ ಇತರ ಲಕ್ಷಣಗಳಿಗಿಂತ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಾಗುವುದುಂಟು. ಆದಕಾರಣ ಮನೆಯ ಹಿರಿಯರು ‘ಸಾರಿನಲ್ಲಿ ಪರಿಮಳವೇ ಇಲ್ಲ’ ಎಂದು ಮತ್ತೆಮತ್ತೆ ಹೇಳಿದರೆ, ಸೊಸೆಯ ಕೈಗುಣವನ್ನು ದೂರುವ ಮೊದಲು ವೈದ್ಯರನ್ನು ಕಾಣುವುದು ವಿಹಿತ.

ಮುದ್ರಿತವಾದ ಈ ಸಂಚಿಕೆಯೂ ವಾಚಕರ ಕೈ ಸೇರುವಾಗ ಮಸಿಯ ಹಸಿ ವಾಸನೆಯನ್ನು ಹೊತ್ತಿರುತ್ತದೆ. ವರ್ಷಗಳು ಕಳೆದಂತೆ ಕಾಗದ ಹಳದಿಯಾಗಿ, ಅದರಲ್ಲಿರುವ ಮರದ ಅಂಶ ನಿಧಾನವಾಗಿ ಶಿಥಿಲವಾಗಿ, ಬೇರೊಂದು ಮೆಲುಗಂಪು ಹುಟ್ಟಿಕೊಳ್ಳುತ್ತದೆ. ಇಂದು ನಮ್ಮಲ್ಲಿ ಒಂದನೆಯ ತರಗತಿಯಲ್ಲಿ ಕುಳಿತ ಮಗು ಮುಂದೊಮ್ಮೆ ಇದನ್ನು ತೆರೆದಾಗ ಏನು ನೆನಪಾಗಬೇಕೆಂಬುದು ಲೇಖಕರ ಕೈಯಲ್ಲಿಲ್ಲ, ನಾಳೆ ಬೆಳಿಗ್ಗೆ ಆ ತರಗತಿಗೆ ಹೋಗುವ ಅಧ್ಯಾಪಕರ ಕೈಯಲ್ಲಿದೆ. ಆ ವಾಸನೆ ಸುರಭಿಯಾಗಲಿ ಎಂದು ಹಾರೈಸಿ ವಿರಮಿಸುತ್ತೇನೆ.